ಕದಿರಯ್ಯ ಕರೆಂಟ್ ತೆಗೆದ ಕಂತು

ಪಾವಗಡದಲ್ಲಿ ಕದಿರಯ್ಯನ ಮನೆ ಯಾವುದು ಎಂದು ಯಾರನ್ನಾದರೂ ಕೇಳಿ ನೋಡಿ. ಬಸ್ ಸ್ಟ್ಯಾಂಡಿನ ಹೂವಿನವಳೇ ಆಗಲಿ, ಕೋಟೆ ಬುಡದ ಪಂಕ್ಚರ್ ಶಾಪಿನವನೇ ಆಗಲಿ, ದಾರಿ ತೋರಿಸುವ ಮೊದಲು ಒಂದು ಪ್ರಶ್ನೆ ವಾಪಸ್ ಕೇಳದೆ ಬಿಡುವುದಿಲ್ಲ: "ಯಾರು, ಕರೆಂಟ್ ತೆಗೆದ್ನಲ್ಲ, ಆ ಕದಿರಯ್ಯನಾ?" ಮೂವತ್ತಮೂರು ವರ್ಷ ಊರಾಚೆಯ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದ ಮನುಷ್ಯ. ಅಷ್ಟು ವರ್ಷ ಈ ಊರಿನ ಬಲ್ಬು ಉರಿದದ್ದು, ಹಿಟ್ಟಿನ ಗಿರಣಿ ತಿರುಗಿದ್ದು, ಪಂಪ್‌ಸೆಟ್ಟು ನೀರೆತ್ತಿದ್ದು ಅವನ ಕೈ ದಾಟಿ ಬಂದ ಕರೆಂಟಿನಲ್ಲೇ. ಅದು ಯಾರಿಗೂ ನೆನಪಿಲ್ಲ. ನೆನಪಿರುವುದು ತೊಂಬತ್ತೊಂದನೇ ಇಸವಿಯ ಒಂದು ಭಾನುವಾರದ ಒಂದೂವರೆ ಗಂಟೆ ಮಾತ್ರ.

ಆಗ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಟೀವಿಯಲ್ಲಿ 'ಏಳನೇ ಹಡಗು' ಎಂಬ ಪರದೇಶದ ಧಾರಾವಾಹಿ ಬರುತ್ತಿತ್ತು. ಹಿಂದಿಗೆ ಡಬ್ ಮಾಡಿದ್ದು. ಭೂಮಿ ಬಿಟ್ಟು ಹೊರಟ ನಲವತ್ತು ಜನ, ಆಕಾಶದಲ್ಲಿ ತೇಲುವ ಒಂದು ಹಡಗು, ವಾರಕ್ಕೊಂದು ಗಂಡಾಂತರ. ಊರಿನಲ್ಲಿ ಹಿಂದಿ ಬರುವವರು ಬೆರಳೆಣಿಕೆಯಷ್ಟು. ಆದರೂ ಟೀವಿ ಇದ್ದ ಮನೆಗಳ ಪಡಸಾಲೆಯಲ್ಲಿ ಆ ಹೊತ್ತಿಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಅವರವರೇ ಅರ್ಥ ಹಚ್ಚಿಕೊಂಡು ನೋಡುತ್ತಿದ್ದರು.

ಇಪ್ಪತ್ತಮೂರನೇ ಕಂತಿನಲ್ಲಿ ಟೋಬಿನ್ ಎಂಬ ಎಂಜಿನಿಯರ್ ಕೇಬಲ್ ಸರಿಮಾಡಲು ಹಡಗಿನಿಂದ ಹೊರಗೆ ಇಳಿಯುತ್ತಾನೆ. ಒಳಗೆ ಪವರ್ ಕಡಿಮೆಯಾಗುತ್ತ ಬರುತ್ತದೆ. ಉಳಿದಿರುವ ಪವರಿನಲ್ಲಿ ಒಂದೋ ಅವನು ವಾಪಸ್ ಬರುವ ಬಾಗಿಲನ್ನು ತೆರೆದಿಡಬಹುದು, ಇಲ್ಲವೇ ಒಳಗಿರುವ ಜನರ ಉಸಿರಿನ ಗಾಳಿಯ ಯಂತ್ರವನ್ನು ನಡೆಸಬಹುದು. ಎರಡಕ್ಕೂ ಸಾಲದು. ಟೋಬಿನ್‌ನ ರೇಡಿಯೋ ಉತ್ತರ ಕೊಡುತ್ತಿಲ್ಲ. "ಅವನು ಸತ್ತಿದ್ದಾನೆ, ಬಾಗಿಲು ಮುಚ್ಚಿ" ಎಂದು ಎಲ್ಲರೂ ಕೂಗುತ್ತಾರೆ. ಕ್ಯಾಪ್ಟನ್ ಹೆಲ್ಗಾ ಎಂಬ ಹೆಂಗಸು ಸ್ವಿಚ್ಚಿನ ಮೇಲೆ ಕೈ ಇಟ್ಟು ನಿಲ್ಲುತ್ತಾಳೆ.

ಸರಿಯಾಗಿ ಅಲ್ಲಿಗೆ, ಹನ್ನೊಂದು ಮೂವತ್ತೈದಕ್ಕೆ, ಸಬ್‌ಸ್ಟೇಷನ್ನಿನ ಫೋನು ಹೊಡೆದುಕೊಂಡಿತು. ನಿಡುಗಲ್ ಕಡೆಯ ಲೈನ್‌ಮನ್ ನರಸಿಂಹರಾಜು. ಒಂದು ಮದುವೆ ಮನೆಯ ಹತ್ತಿರ ಕಂಬದ ಮೇಲೆ ತಂತಿ ಕಿಡಿ ಕಾರುತ್ತಿದೆ, ಚಪ್ಪರಕ್ಕೆ ಬೆಂಕಿ ಬೀಳುತ್ತದೆ, ಕೂಡಲೇ ಎಲ್‌ಸಿ ಬೇಕು ಎಂದ. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಲೈನ್‌ಮನ್ ಕೇಳಿದ ಮೇಲೆ ಆಪರೇಟರ್ ಆ ಲೈನಿನ ಕರೆಂಟ್ ತೆಗೆಯುತ್ತಾನೆ. ತೆಗೆದೆ ಎಂದ ಮೇಲೆ ಲೈನ್‌ಮನ್ ಕಂಬ ಹತ್ತುತ್ತಾನೆ. ಕೆಲಸ ಮುಗಿದ ಮೇಲೆ, ಎಲ್‌ಸಿ ತೆಗೆದುಕೊಂಡವನೇ ತನ್ನ ಬಾಯಿಂದ "ವಾಪಸ್ ಕೊಟ್ಟೆ" ಎನ್ನುವವರೆಗೆ ಮತ್ತೆ ಕರೆಂಟ್ ಕೊಡುವಂತಿಲ್ಲ. ಕದಿರಯ್ಯ ಕರೆಂಟ್ ತೆಗೆದ. ನಿಡುಗಲ್ಲಿಗೂ ಪಾವಗಡಕ್ಕೂ ಆಗ ಒಂದೇ ಲೈನು. ಪಾವಗಡದ ಅಷ್ಟೂ ಟೀವಿಗಳು ಹೆಲ್ಗಾಳ ಕೈ ಸ್ವಿಚ್ಚಿನ ಮೇಲಿರುವಾಗಲೇ ಕಣ್ಣು ಮುಚ್ಚಿದವು.

ಹತ್ತು ನಿಮಿಷಕ್ಕೆ ಮತ್ತೆ ಫೋನು. ಮಾತಾಡಿದವನು ನರಸಿಂಹರಾಜು ಅಲ್ಲ, ಮದುವೆ ಮನೆಯ ಯಜಮಾನ ಅಡವಯ್ಯ. "ಕೆಲಸ ಆಯ್ತಂತೆ, ಕರೆಂಟ್ ಕೊಡ್ಬೇಕಂತೆ, ಲೈನ್‌ಮನ್ನೇ ಹೇಳ್ಕಳ್ಸವ್ನೆ" ಎಂದ. ಅವನನ್ನೇ ಫೋನಿಗೆ ಕರೆಸಿ ಎಂದ ಕದಿರಯ್ಯ. ಅವನು ಊಟಕ್ಕೆ ಕೂತಿರಬೇಕು, ನಾನು ಹೇಳಿದರೆ ಸಾಲದೇ ಎಂದು ಅಡವಯ್ಯ ಕೇಳಿದ. ಸಾಲದು ಎಂದ ಕದಿರಯ್ಯ. ಅಷ್ಟು ಹೊತ್ತಿಗೆ ಸಬ್‌ಸ್ಟೇಷನ್ ಗೇಟಿನ ಮುಂದೆ ನೂರು ಜನ ಸೇರಿದ್ದರು. ಸ್ಟೇಷನ್ನಿಗೆ ಬೇರೆ ಸಪ್ಲೈ ಇದ್ದದ್ದರಿಂದ ಕದಿರಯ್ಯ ಮನೆಯಿಂದ ತಂದಿಟ್ಟುಕೊಂಡಿದ್ದ ಸಣ್ಣ ಟೀವಿ ಮಾತ್ರ ಓಡುತ್ತಿತ್ತು. ಫೋನಿನ ಗಲಾಟೆಯಲ್ಲಿ ಅವನು ಅತ್ತ ನೋಡಿಯೇ ಇರಲಿಲ್ಲ. ಅದರ ಸದ್ದು ಗೇಟಿಗೆ ಕೇಳಿಸಿತು. "ನೀನೊಬ್ಬ ನೋಡ್ತೀಯಾ, ನಾವೇನು ಮಣ್ಣು ತಿನ್ನದಾ" ಎಂದು ಯಾರೋ ಕಲ್ಲೆಸೆದರು. ಕದಿರಯ್ಯ ಎದ್ದು ಟೀವಿ ಆಫ್ ಮಾಡಿದ. ಊರು ನೋಡದ್ದನ್ನು ತಾನೊಬ್ಬನೇ ನೋಡಲು ಅವನಿಗೆ ಮನಸ್ಸಾಗಲಿಲ್ಲ. ನರಸಿಂಹರಾಜು ಫೋನ್ ಮಾಡಿ ಎಲ್‌ಸಿ ವಾಪಸ್ ಕೊಟ್ಟಾಗ ಮಧ್ಯಾಹ್ನ ಒಂದು ಹತ್ತು.

ಅಲ್ಲಿಗೆ ಮುಗಿಯಿತೇ? ಮುಗಿಯಲಿಲ್ಲ. ನರಸಿಂಹರಾಜು ತನ್ನ ಎಲ್‌ಸಿ ಚೀಟಿಯಲ್ಲಿ ಕೆಲಸ ಮುಗಿದ ಸಮಯ ಹನ್ನೊಂದು ನಲವತ್ತೈದು ಎಂದು ಬರೆದು ಸಹಿ ಹಾಕಿದ್ದ. ಊಟಕ್ಕೆ ಕೂತೆ, ಹೋಳಿಗೆ ಚೆನ್ನಾಗಿತ್ತು, ಮರೆತುಬಿಟ್ಟೆ ಎಂದು ನಗುತ್ತಾ ಒಪ್ಪಿಕೊಂಡ. ಊರಿನವರ ಅರ್ಜಿ ಹೋಯಿತು. ಕೆಲಸ ಮುಗಿದಿದೆ ಎಂದು ತಿಳಿಸಿದ ಮೇಲೂ ವಿನಾಕಾರಣ ವಿದ್ಯುತ್ ನಿಲ್ಲಿಸಿದ್ದೇಕೆ ಎಂದು ಕದಿರಯ್ಯನಿಗೆ ಮೇಲಧಿಕಾರಿಯಿಂದ ಮೆಮೋ ಬಂತು. ನಿಯಮದ ಪುಸ್ತಕದ ಪುಟವನ್ನೇ ನಕಲು ಮಾಡಿ ಅವನು ಉತ್ತರ ಬರೆದ. ಅದನ್ನು ಓದಿದವರು ಯಾರೂ ಇಲ್ಲ. ಇಡೀ ಸರ್ವೀಸಿನಲ್ಲಿ ಅವನಿಗೆ ಬಂದ ಒಂದೇ ಮೆಮೋ ಅದು. ನರಸಿಂಹರಾಜುವೋ, ಹೋದಲ್ಲೆಲ್ಲ ಅದೇ ಕಥೆ ಹೇಳಿ ಜನರನ್ನು ನಗಿಸಿದ. ಮೊದಲ ವರ್ಷ ನಾಲ್ಕು ಹೋಳಿಗೆ ತಿಂದಿದ್ದವನು ಹತ್ತು ವರ್ಷದ ಹೊತ್ತಿಗೆ ಹನ್ನೊಂದು ತಿಂದಿದ್ದ. ವಿಚಿತ್ರವೆಂದರೆ ಇಬ್ಬರ ಸ್ನೇಹ ಮಾತ್ರ ಕೆಡಲಿಲ್ಲ. ಬೈಯಲು ಕದಿರಯ್ಯನಿಗೆ ಒಬ್ಬ ಬೇಕಿತ್ತು, ಬೈಸಿಕೊಳ್ಳಲು ನರಸಿಂಹರಾಜುವಿಗೆ ಬೇಜಾರಿರಲಿಲ್ಲ.

ರಿಟೈರ್ ಆದ ಮೇಲೆ ಕದಿರಯ್ಯನಿಗೆ ಬರೆಯುವ ಚಟ ಹತ್ತಿತು. ಮಧುಗಿರಿಯಿಂದ ಹೊರಡುವ ನಾಲ್ಕು ಪುಟದ ಒಂದು ವಾರಪತ್ರಿಕೆಯ ಸಂಪಾದಕ ಪರಮೇಶ್, ಹಳೆಯ ಧಾರಾವಾಹಿಗಳು ಯೂಟ್ಯೂಬಿನಲ್ಲಿ ಸಿಗುತ್ತಿವೆ, ನೋಡಿ ಏನಾದರೂ ಬರೆಯಿರಿ ಸಾರ್ ಎಂದು ಬಾಯಿ ತಪ್ಪಿ ಹೇಳಿದ. ಅಂದಿನಿಂದ ವಾರಕ್ಕೊಂದು ಕಂತಿನ ವಿಮರ್ಶೆ. ಅದೂ ಸಬ್‌ಸ್ಟೇಷನ್ ಲಾಗ್‌ಬುಕ್ಕಿನ ಧಾಟಿಯಲ್ಲಿ. "ನಿಮಿಷ 4: ದೀಪ ಮಿನುಗುತ್ತದೆ, ಕಾರಣ ಹೇಳಿಲ್ಲ. ನಿಮಿಷ 9: ಒದ್ದೆ ಕೈಯಲ್ಲಿ ಪ್ಯಾನಲ್ ಮುಟ್ಟುತ್ತಾನೆ, ಬದುಕುತ್ತಾನೆ, ನಾಚಿಕೆಗೇಡು." ನಲವತ್ತು ಜನರ ಹಡಗಿಗೆ ಅರ್ಥಿಂಗ್ ಎಲ್ಲಿದೆ ಎಂದು ಮೂರು ವಾರ ಕೇಳಿದ. ಅಂಕ ಕೊಡುವುದು ವೋಲ್ಟ್ ಲೆಕ್ಕದಲ್ಲಿ, ಮನೆಗೆ ಬರುವ ಪೂರ್ತಿ ಕರೆಂಟಿನಂತೆ ಇನ್ನೂರ ಮೂವತ್ತಕ್ಕೆ. ಒಳ್ಳೆಯ ಕಂತಿಗೆ ಇನ್ನೂರ ಹತ್ತು, ಸುಮಾರಾದದ್ದಕ್ಕೆ ನೂರ ಎಂಬತ್ತು. ಪರಮೇಶ್ ಅದನ್ನು ಕತ್ತರಿಸಿ ಕತ್ತರಿಸಿ, ಶಿರಾದ ಕಡಲೆಕಾಯಿ ಎಣ್ಣೆ ಗಾಣದ ಜಾಹೀರಾತಿನ ಪಕ್ಕ ಬೆರಳಗಲದ ಜಾಗದಲ್ಲಿ ಹಾಕುತ್ತಿದ್ದ. ಒಂದು ವಾರ ವಿಮರ್ಶೆಯೆಲ್ಲ ಹೋಗಿ ಬರೀ "180 ವೋಲ್ಟ್" ಎಂದಷ್ಟೇ ಅಚ್ಚಾಯಿತು. ಕೊರಟಗೆರೆಯಿಂದ ಒಬ್ಬರು ಫೋನ್ ಮಾಡಿ, ಸ್ಟೆಬಿಲೈಸರ್ ರಿಪೇರಿ ನೀವೇ ಮಾಡೋದಾ ಎಂದು ವಿಚಾರಿಸಿದರು.

ಹೀಗೆ ಒಂದೊಂದೇ ಕಂತು ದಾಟಿ ಇಪ್ಪತ್ತಮೂರನೆಯದು ಬಂತು. ಕದಿರಯ್ಯ ಅದನ್ನು ಎರಡು ವಾರ ಮುಂದೂಡಿದ. ಬೆನ್ನು ನೋವು ಎಂದ, ಕಣ್ಣು ಉರಿ ಎಂದ. ಹೆಂಡತಿ ಚಿಕ್ಕಹನುಮಕ್ಕನಿಗೆ ಗೊತ್ತಿತ್ತು. ಊರೆಲ್ಲ ಮೂವತ್ತನಾಲ್ಕು ವರ್ಷ ಒಂದೇ ಸಮನೆ ಮೊಂಡ ಎಂದರೆ ಎಂಥವನಿಗೂ ಒಂದು ದಿನ ಅನುಮಾನ ಹುಟ್ಟುತ್ತದೆ. ಅವತ್ತು ತಾನು ಮಾಡಿದ್ದು ಸರಿಯೋ, ಬರೀ ಮೊಂಡುತನವೋ ಎಂದು ಕದಿರಯ್ಯನಿಗೆ ಈಗ ಖಾತ್ರಿ ಇರಲಿಲ್ಲ. ಹೆಲ್ಗಾ ಏನು ಮಾಡಿದಳು ಎಂಬುದನ್ನು ನೋಡಿದರೆ ಎಲ್ಲಿ ಅದಕ್ಕೂ ಉತ್ತರ ಸಿಕ್ಕಿಬಿಡುತ್ತದೋ ಎಂದು ಅವನಿಗೆ ನಿಜವಾಗಿಯೂ ಭಯವಾಗಿತ್ತು.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಕುಳಿತೇ ಕುಳಿತ. ಕರೆಯದಿದ್ದರೂ ನರಸಿಂಹರಾಜು ಹಾಜರಾದ.

"ಏಂ ಅನ್ನಾ, ಇವತ್ತಾದ್ರೂ ಕರೆಂಟ್ ತೆಗಿಯಲ್ಲ ತಾನೆ?" ಎಂದು ಹೊಸ್ತಿಲಲ್ಲೇ ತೆಲುಗು ಬೆರೆಸಿ ಶುರುಮಾಡಿದ.

"ಬಾಯ್ ಮುಚ್ಕಂಡು ಕುಂತ್ಕಳ್ಳಂಗಿದ್ರೆ ಕುಂತ್ಕ. ಇಲ್ದಿದ್ರೆ ನಡಿ."

ನರಸಿಂಹರಾಜು ಗೋಡೆಗೆ ಒರಗಿ ಕುಳಿತ. ಸುತ್ತಮುತ್ತ ಹತ್ತಾರು ಮೈಲಿ ಹೊಲವೆಲ್ಲ ಸೋಲಾರ್ ಹಲಗೆ ಹಾಸಿಕೊಂಡು ಮಲಗಿರುವ ತಾಲ್ಲೂಕಿನಲ್ಲಿ ಕರೆಂಟ್ ಹೋಗಬಾರದು. ಅವತ್ತು ಹೋಗಲೂ ಇಲ್ಲ. ಟೋಬಿನ್ ಹೊರಗೆ ಇಳಿದ. ಪವರ್ ಕುಸಿಯಿತು. ಎಲ್ಲರೂ ಕೂಗಿದರು. ಹೆಲ್ಗಾ ಸ್ವಿಚ್ಚಿನ ಮೇಲೆ ಕೈ ಇಟ್ಟಳು. ಪರದೆಯ ನಡುವೆ ಒಂದು ದುಂಡನೆಯ ಗೆರೆ ಗಿರಗಿರನೆ ಸುತ್ತತೊಡಗಿತು. ಟೀವಿಗೆ ನೆಟ್ ಕೊಟ್ಟಿದ್ದು ಕದಿರಯ್ಯನ ಮೊಬೈಲಿನಿಂದ, ಆ ಮೊಬೈಲಿಗೆ ಈಗ ಫೋನ್ ಬರುತ್ತಿತ್ತು. ಪರಮೇಶ್.

"ಸಾರ್, ಈ ವಾರದ್ದು ಇವತ್ತೇ ಕಳ್ಸಿ. ಎಂಬತ್ತು ಪದ ಸಾಕು. ಒಂದು ಶ್ರದ್ಧಾಂಜಲಿ ಬಂದೈತೆ."

"ನಿಂದೂ ಸೇರಿಸ್ಕೊಂಡು ಎರಡು ಹಾಕ್ಕ" ಎಂದು ಕದಿರಯ್ಯ ಫೋನ್ ಕುಕ್ಕಿದ.

ಗೆರೆ ಸುತ್ತುವುದು ನಿಂತು ಚಿತ್ರ ಓಡಿತು. ಹೆಲ್ಗಾ ಬಾಗಿಲು ಮುಚ್ಚಲಿಲ್ಲ. ಅವನು ಸತ್ತದ್ದನ್ನು ನೋಡಿದವನು ಹೇಳಲಿ, ಇಲ್ಲವೇ ಅವನೇ ಬಂದು ಹೇಳಲಿ, ಅಲ್ಲಿಯವರೆಗೆ ಮುಚ್ಚುವುದಿಲ್ಲ ಎಂದಳು. ಕದಿರಯ್ಯನ ಬೆನ್ನು ತಾನಾಗಿ ನೆಟ್ಟಗಾಯಿತು. ಒಳಗಿನವರು ಏದುಸಿರು ಬಿಟ್ಟರು, ಇಬ್ಬರು ಕುಸಿದು ಬಿದ್ದರು, ಒಬ್ಬ ಅವಳ ಮೇಲೆ ಕೈ ಮಾಡಲು ಹೋದ. ಅಷ್ಟರಲ್ಲಿ ಅಡುಗೆ ಕೋಣೆಯ ಪರದೆ ಸರಿಸಿಕೊಂಡು ಟೋಬಿನ್ ಬಂದ. ಕೈಯಲ್ಲಿ ಸೂಪಿನ ಬಟ್ಟಲು. ಹಿಂದಿನ ಬಾಗಿಲಿನಿಂದ ಬಂದು ಅರ್ಧ ಗಂಟೆಯಾಯಿತು, ಹಸಿವಾಗಿತ್ತು, ಏನು ಎಲ್ಲರೂ ಹೀಗೆ ನಿಂತಿದ್ದೀರಿ ಎಂದ. ಎಲ್ಲರೂ ಹೆಲ್ಗಾಳನ್ನು ನೋಡಿ ನಕ್ಕರು. ಅವಳೂ ನಕ್ಕಳು. ಪೀಪಿಯ ಸಂಗೀತ ಬಂದು ಕಂತು ಮುಗಿಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಿಕ್ಕಹನುಮಕ್ಕ ಸೆರಗು ಬಾಯಿಗಿಟ್ಟುಕೊಂಡಳು. ತಡೆಯಲಾಗದೆ ನಕ್ಕೇಬಿಟ್ಟಳು. "ನರಸಿಂಹರಾಜಣ್ಣನ ಹೋಳಿಗೆ ಕತೆನೇ ಕಣ್ರೀ ಇದು" ಎಂದಳು. ನರಸಿಂಹರಾಜು ನಗಲಿಲ್ಲ. ಅದನ್ನು ಗಮನಿಸುವ ಸ್ಥಿತಿಯಲ್ಲಿ ಕದಿರಯ್ಯ ಇರಲಿಲ್ಲ.

ಇಷ್ಟಕ್ಕೋಸ್ಕರ. ಇಷ್ಟು ದರಿದ್ರ ಮುಕ್ತಾಯವನ್ನು ತಪ್ಪಿಸಿದ್ದಕ್ಕೋಸ್ಕರ ಮೂವತ್ತನಾಲ್ಕು ವರ್ಷ ಬೈಗುಳ, ಒಂದು ಕಲ್ಲು, ಒಂದು ಮೆಮೋ. ಆ ಊರಿನವರು ಇದನ್ನು ನೋಡಿದ್ದರೆ ಅವನಿಗೆ ಹಾರ ಹಾಕಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಉರಿದದ್ದು, ಆಕಾಶದಲ್ಲೂ ಅವನ ಕಡೆಯವರು ಯಾರೂ ಇಲ್ಲದೆ ಹೋದದ್ದು. ಎಲ್ಲಿಯದೋ ದೇಶದಲ್ಲಿ ಕೂತು ಕಥೆ ಬರೆದವನೂ ಬಾಗಿಲು ಕಾದವಳನ್ನು ಕೋಡಂಗಿ ಮಾಡಿ, ಉಂಡವನನ್ನು ಗೆಲ್ಲಿಸಿದ್ದ. ಕದಿರಯ್ಯ ಪ್ಯಾಡು ಎಳೆದುಕೊಂಡು, ಹಾಳೆ ಹರಿಯುವಂತೆ ಒತ್ತಿ ಒತ್ತಿ ಬರೆದ. ಯಾವ ವಿಮರ್ಶೆಯನ್ನೂ ಅವನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದದೆ ಕಳುಹಿಸಿದವನಲ್ಲ. ಇದನ್ನೂ ಓದಿದ.

"ನಿಮಿಷ 51: ಹಡಗಿಗೆ ಎರಡು ಬಾಗಿಲು ಇರುವುದು ಕ್ಯಾಪ್ಟನ್‌ಗೇ ಗೊತ್ತಿಲ್ಲ. ನಿಮಿಷ 54: ರೇಡಿಯೋ ಕೆಟ್ಟವನು ಸೂಪು ಕುಡಿಯುವ ಮೊದಲು ಒಂದು ಮಾತು ಹೇಳಬಾರದಿತ್ತೇ? ಒಳಗೆ ಕೂತು ಉಣ್ಣುತ್ತಿರುವವನಿಗಾಗಿ ಬಾಗಿಲು ಕಾದವಳು ಮೂರ್ಖಳು. ಆ ಮೊಂಡುತನಕ್ಕೆ ಅವಳನ್ನು ಕೆಲಸದಿಂದ ತೆಗೆಯಬೇಕಿತ್ತು. 40 ವೋಲ್ಟ್. ಬಲ್ಬಿನ ತಂತಿ ಕೆಂಪಗಾಗುವುದಕ್ಕೂ ಸಾಲದು."

ಓದಿ ಮುಗಿಸಿ ಕನ್ನಡಕ ತೆಗೆದ.

"ಅಣ್ಣಾ, ಆ ಮೂರ್ಖಳು ಅನ್ನದು ತೆಗೆದಾಕು" ಎಂದ ನರಸಿಂಹರಾಜು.

"ಯಾಕ್ಲಾ? ಊರೆಲ್ಲ ಹೇಳದು ಅದನ್ನೇ. ನೀನೇ ತಾನೆ ಹೇಳ್ಕೊಂಡ್ ತಿರುಗಿದ್ದು. ಈಗ ನಾನೂ ಒಪ್ಕಂಡೆ ಬುಡು."

"ಒಪ್ಕಬೇಡ."

"ನೀನು ಹನ್ನೊಂದು ಹೋಳಿಗೆ ತಿಂತಿದ್ದೆ. ನಾನಿಲ್ಲಿ ಕಲ್ಲೇಟು ತಿಂತಿದ್ದೆ. ಒಪ್ಕಳ್ಳದೆ ಏನ್ ಮಾಡ್ಲಿ?"

ನರಸಿಂಹರಾಜು ನೆಲ ನೋಡಿಕೊಂಡೇ ಹೇಳಿದ. "ಒಂದು ಹೋಳಿಗೇನೂ ತಿನ್ಲಿಲ್ಲ ಕಣಣ್ಣ ನಾನು ಅವತ್ತು."

ಕದಿರಯ್ಯ ಕನ್ನಡಕವನ್ನು ಮತ್ತೆ ಹಾಕಿಕೊಂಡ.

ಕೆಲಸ ಮುಗಿದದ್ದು ನಿಜ, ಹನ್ನೊಂದು ನಲವತ್ತೈದಕ್ಕೆ. ನೀನೇ ಫೋನ್ ಮಾಡಿ ಕರೆಂಟ್ ಕೇಳು ಎಂದು ಅಡವಯ್ಯನಿಗೆ ಹೇಳಿದ್ದೂ ನಿಜ. ತಾನೇ ಮಾಡಬೇಕಿತ್ತು, ಸೋಮಾರಿತನ. ಕೈ ತೊಳೆದುಕೊಂಡು ಎಲೆ ಮುಂದೆ ಕೂತ. ಹೋಳಿಗೆ ಬಡಿಸುವವನು ಇನ್ನೂ ಎರಡು ಎಲೆ ಆಚೆ ಇದ್ದ. ಆಗ ಸೊಂಟ ಮುಟ್ಟಿಕೊಂಡರೆ ತಂತಿ ಕತ್ತರಿಸುವ ಕಟಿಂಗ್ ಪ್ಲೇಯರ್ ಇಲ್ಲ. ಕಂಬದ ಅಡ್ಡಪಟ್ಟಿಯ ಮೇಲೆ ಬಿಟ್ಟು ಬಂದಿದ್ದ. ಇಲಾಖೆಯ ಸಾಮಾನು, ಕಳೆದರೆ ಸಾಹೇಬರು ಬಿಡುವುದಿಲ್ಲ. ಎಲೆ ಬಿಟ್ಟು ಎದ್ದು ಓಡಿ ಮತ್ತೆ ಕಂಬ ಹತ್ತಿದ. ಕದಿರಯ್ಯ ಫೋನಿಗೆ ಕರೆಯುತ್ತಿದ್ದಾನೆಂದು ಅಡವಯ್ಯ ಹೇಳಿಕಳಿಸಿದ್ದು ಅವನಿಗೆ ಮುಟ್ಟಲೇ ಇಲ್ಲ.

"ಫೋನ್ ಮಾಡ್ಸಿದ್ದು ಮರ್ತೇಬುಟ್ಟಿದ್ದೆ ಅಣ್ಣ. ಕಟಿಂಗ್ ಪ್ಲೇಯರ್ ಒಂದೇ ತಲೇಲಿ. ಮೇಲೋಗಿ, ಬ್ಯಾಲೆನ್ಸ್‌ಗೆ ಅಂತ ತಂತಿ ಇಡ್ಕಂಡೆ. ಬರಿಗೈ. ಇಡ್ಕಂಡ್ ಮ್ಯಾಲೆ ನೆನಪಾಯ್ತು, ಕರೆಂಟ್ ಕೊಡು ಅಂತ ಹೇಳ್ಕಳ್ಸಿ ಅರ್ಧ ಗಂಟೆ ಆಗೈತೆ ಅಂತ."

ಚಿಕ್ಕಹನುಮಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ತಂತಿ ಕೈಲೈತೆ. ನಾನು ಬದುಕಿವ್ನಿ. ಆಮ್ಯಾಕೆ ಗೊತ್ತಾಯ್ತು, ಕೊಟ್ಟಿಲ್ಲ ಇವ್ನು, ಬೇರೆಯೋರ ಮಾತಿಗೆ ಕೊಟ್ಟಿಲ್ಲ ಅಂತ. ಕೆಳಗಿಳ್ದೆ. ಕಂಬದ ಬುಡದಾಗೆ ಕುಂತೋನು ಮುಕ್ಕಾಲು ಗಂಟೆ ಮ್ಯಾಲಕ್ಕೇ ಏಳ್ಲಿಲ್ಲ. ಫೋನಿನ ತಂಕ ನಡ್ಯಾಕೇ ಆಗ್ಲಿಲ್ಲ."

"ಮತ್ತೆ ಚೀಟೀಲಿ ಹನ್ನೊಂದು ನಲವತ್ತೈದು ಅಂತ ಯಾಕ್ ಬರ್ದೆ?" ಕದಿರಯ್ಯನ ಸ್ವರ ಬಹಳ ಮೆತ್ತಗಿತ್ತು. ಅವನ ಸ್ವರ ಮೆತ್ತಗಾದರೆ ಚಿಕ್ಕಹನುಮಕ್ಕ ಹೆದರುತ್ತಿದ್ದಳು.

"ನಿಜ ಬರೆದ್ರೆ ಕೆಲ್ಸ ಹೋಗದು. ಇನ್ನೊಬ್ರ ಬಾಯಲ್ಲಿ ಎಲ್‌ಸಿ ವಾಪಸ್ ಕೊಡ್ಸಿ ಕಂಬ ಹತ್ತಿದ್ದೆ ಅಂದ್ರೆ ಸುಮ್ನೆ ಬುಡ್ತಾರಾ? ಉಂಡು ಮರ್ತೆ ಅಂದ್ರೆ ಬೈತಾರೆ, ನಗ್ತಾರೆ, ಆಗೋಯ್ತು. ಆಮ್ಯಾಲೆ ನಗೋರು ಜಾಸ್ತಿ ಆದ್ರು. ನಾನೂ ಹೇಳ್ತಾ ಹೋದೆ. ಹೋಳಿಗೆ ಅಂತ ಹೇಳ್ದಾಗ್ಲೆಲ್ಲ ಆ ತಂತಿ ಕೈಗೆ ತಾಕ್ದಂಗಾಗದು ಅಣ್ಣ. ಅದ್ಕೇ ಇನ್ನೊಂದು ಹೋಳಿಗೆ ಸೇರಿಸ್ತಿದ್ದೆ."

ಕದಿರಯ್ಯ ಎದ್ದ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆದ, ವಾಪಸ್ ಬಂದ. ಬೈಯಬೇಕೆಂದು ಬಾಯಿ ತೆರೆದ. ಇಷ್ಟು ವರ್ಷ ಬೈದಿದ್ದ ಬೈಗುಳಗಳೆಲ್ಲ ಹೋಳಿಗೆ ತಿಂದವನಿಗೆ ಹೊಂದುವಂಥವು. ಇವನಿಗೆ ಒಂದೂ ಹೊಂದಲಿಲ್ಲ. ಅದಕ್ಕೂ ಸಿಟ್ಟು ಬಂತು. ಮೂವತ್ತನಾಲ್ಕು ವರ್ಷ, ವಾರಕ್ಕೆರಡು ಸಲ ಈ ಮನೆಯ ಕಾಫಿ ಕುಡಿದುಕೊಂಡು, ಇದೇ ಗೋಡೆಗೆ ಒರಗಿಕೊಂಡು, ಒಂದು ಮಾತು ಹೇಳಲಿಲ್ಲವಲ್ಲ ಈ ಪುಣ್ಯಾತ್ಮ. ಹೇಳಿದ್ದರೆ ತಾನು ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದೆ ಎಂದುಕೊಂಡ. ಜೊತೆಗೇ, ಆ ಅಡವಯ್ಯನ ಮಾತು ಕೇಳಿ ಅವತ್ತು ಕೈ ಸ್ವಿಚ್ಚಿಗೆ ಹೋಗಿದ್ದರೆ ಎಂಬ ಯೋಚನೆಯೂ ಬಂತು. ಅವನ ಕೈ ಒಮ್ಮೆ ಹೋಗಿತ್ತು. ಕಲ್ಲು ಕಿಟಕಿಗೆ ಬಿದ್ದಾಗ, ಕೊಟ್ಟುಬಿಡೋಣ ಅತ್ಲಾಗೆ ಎಂದು ಹೋಗಿತ್ತು. ಅದನ್ನು ಅವನೂ ಯಾರಿಗೂ ಹೇಳಿರಲಿಲ್ಲ.

ಕೋಣೆಗೆ ಹೋಗಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದ. ಅದರೊಳಗೆ ಮೆಮೋ, ಅದಕ್ಕೆ ಪಿನ್ ಹಾಕಿದ್ದ ಎಲ್‌ಸಿ ಚೀಟಿಯ ನಕಲು. ಅದನ್ನು ನರಸಿಂಹರಾಜುವಿನ ಮುಂದೆ ಇಟ್ಟು, ಪೆನ್ನು ಕೊಟ್ಟ.

"ಸರಿಯಾದ ಟೈಮ್ ಬರಿ."

"ಈಗ ಇದನ್ನ ಯಾರು ನೋಡ್ತಾರಣ್ಣ?"

"ನಾನು ನೋಡ್ತೀನಿ. ಬರಿ. ಎಷ್ಟೊತ್ಗೆ ಕೆಳಗಿಳ್ದೆ?"

"ಹನ್ನೆರಡು ಕಾಲಿರ್ಬೋದು."

"ಇರ್ಬೋದು ಅಂತ ಲಾಗ್‌ಬುಕ್ಕಲ್ಲಿ ಬರಿಯಂಗಿಲ್ಲ."

ನರಸಿಂಹರಾಜು ಹನ್ನೊಂದು ನಲವತ್ತೈದರ ಮೇಲೆ ಗೆರೆ ಎಳೆದು ಹನ್ನೆರಡು ಹದಿನೈದು ಎಂದು ಬರೆದ. ಪಕ್ಕದಲ್ಲಿ ಸಹಿ ಹಾಕಿದ.

"ತಾರೀಕು ಹಾಕು. ಇವತ್ತಿಂದು ಹಾಕು. ಅವತ್ತಿಂದು ಹಾಕಿದ್ರೆ ಅದೂ ಸುಳ್ಳಾಗ್ತದೆ" ಎಂದು ಗದರಿದ ಕದಿರಯ್ಯ.

ಆಮೇಲೆ ವಿಮರ್ಶೆಯ ಹಾಳೆಯನ್ನು ಹತ್ತಿರ ಎಳೆದುಕೊಂಡು ಕೊನೆಯ ಸಾಲುಗಳನ್ನು ಹೊಡೆದು ಹಾಕಿದ. ಅದರ ಕೆಳಗೆ ಬರೆದ: "ನಿಮಿಷ 54: ಒಳಗೆ ಬಂದಿದ್ದಾನೆಂದು ಆಮೇಲೆ ಗೊತ್ತಾದದ್ದು ಆಮೇಲಿನ ಮಾತು. ಗೊತ್ತಿಲ್ಲದಾಗ ಬಾಗಿಲು ಕಾದದ್ದು ಸರಿ. ನಕ್ಕವರು ಎಲ್ಲರೂ ತಪ್ಪು." ವೋಲ್ಟಿನ ಜಾಗದಲ್ಲಿ ಬಹಳ ಹೊತ್ತು ಪೆನ್ನು ನಿಲ್ಲಿಸಿ, ಇನ್ನೂರ ಮೂವತ್ತು ಎಂದು ಹಾಕಿದ. ಆ ಅಂಕವನ್ನು ಅವನು ಯಾವ ಕಂತಿಗೂ ಕೊಟ್ಟಿರಲಿಲ್ಲ. ಫೋಟೋ ತೆಗೆದು ಪರಮೇಶನಿಗೆ ಕಳುಹಿಸಿದ. ಎಂಬತ್ತು ಪದ ದಾಟಿತ್ತು, ಕತ್ತರಿಸಿದರೆ ಮಧುಗಿರಿಗೇ ಬಂದು ಕೂರುತ್ತೇನೆ ಎಂದು ಕೆಳಗೆ ಸೇರಿಸಿದ.

ನರಸಿಂಹರಾಜು ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಮೆಟ್ಟು ಹುಡುಕುವ ನೆಪದಲ್ಲಿ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತ.

"ಬರ್ತೀನಣ್ಣ."

ಕದಿರಯ್ಯ ಅವನ ಕಡೆ ತಿರುಗಲಿಲ್ಲ. ಚೀಟಿಯನ್ನು ಕವರಿಗೆ ಹಾಕುತ್ತಾ ಹೆಂಡತಿಗೆ ಸಿಡುಕಿನಿಂದ ಹೇಳಿದ.

"ನೋಡ್ಕಂಡ್ ನಿಂತಿದ್ದೀಯಲ್ಲ, ಎಲೆ ಹಾಕು ಅವನಿಗೆ. ಮೂವತ್ನಾಲ್ಕು ವರ್ಷದಿಂದ ಉಂಡಿಲ್ಲ ಅವ್ನು."